‘ವಿಭೂತಿ ಬುಧವಾರ’ವೋ ‘ಬೂದಿ ಬುಧವಾರ’ವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಚರ್ಚಿನ ಹಲಗೆಯ ಮೇಲೆ ವಾರವಾರ ಪೂಜೆಯ ಹೊತ್ತು ಬರೆಯುವ ಕೆಲಸ ನನ್ನದು. ಈ ಸಲ ಫೆಬ್ರುವರಿ 18ಕ್ಕೆ ಎಂದಿನಂತೆ ‘ವಿಭೂತಿ ಬುಧವಾರ, ಬೆಳಿಗ್ಗೆ ಬಲಿಪೂಜೆ’ ಎಂದು ಸೀಮೆಸುಣ್ಣದಲ್ಲಿ ಬರೆದು ಬಂದೆ. ಸಂಜೆ ಜಪಸರದ ಪ್ರಾರ್ಥನೆಗೆ ಹೋದಾಗ ‘ವಿಭೂತಿ’ ಒರೆಸಿ ‘ಬೂದಿ’ ಎಂದು ತಿದ್ದಿತ್ತು. ತಿದ್ದಿದವನು ನಮ್ಮ ಊರಿನ ಕಾಲೇಜು ಹುಡುಗ. ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದ: “ಅಕ್ಕಾ, ವಿಭೂತಿ ಅಂದ್ರೆ ಬೇರೆಯವರದ್ದಲ್ವಾ? ಬೈಬಲಲ್ಲಿ ಬೂದಿ ಅಂತಾನೇ ಇರೋದು.” ಪಕ್ಕದಲ್ಲಿದ್ದ ಹಿರಿಯರಿಗೆ ಸಿಟ್ಟು ಬಂತು. “ಬೂದಿ ಅನ್ನೋದು ಬಚ್ಚಲೊಲೇಲಿ ಇರೋದು ಕಣೋ. ದೇವರ ಸನ್ನಿಧೀಲಿ ಹಣೆಗೆ ಇಡೋದನ್ನ ಬೂದಿ ಅಂತಾರೇನೋ?”

ಇಬ್ಬರೂ ನನ್ನ ಮುಖ ನೋಡಿದರು. ಅಲ್ಲಿ ನನಗೆ ಮಾತು ಹೊರಡಲಿಲ್ಲ. ಆಮೇಲಿನ ದಿನಗಳಲ್ಲಿ ತಲೆಯಲ್ಲಿ ಸುತ್ತಿದ್ದನ್ನು ಇಲ್ಲಿ ಇಡುತ್ತಿದ್ದೇನೆ, ಬಲ್ಲವರು ತಿದ್ದಬೇಕು.

ಪರಿಚಯವಿಲ್ಲದವರಿಗೆ ಎರಡು ಮಾತು. ಈಸ್ಟರಿಗೆ 46 ದಿನ ಮುಂಚೆ ಬರುವ ಬುಧವಾರ ಇದು. ನಡುವಿನ ಆರು ಭಾನುವಾರ ಬಿಟ್ಟರೆ ಉಳಿಯುವ 40 ದಿನ ನಮ್ಮ ತಪಸ್ಸುಕಾಲ, ಅದು ಶುರುವಾಗುವುದು ಈ ಬುಧವಾರ. ಹಿಂದಿನ ವರ್ಷದ ಗರಿಗಳ ಭಾನುವಾರ (ಈಸ್ಟರಿನ ಹಿಂದಿನ ಭಾನುವಾರ) ಮನೆಗೆ ಒಯ್ದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ತೆಂಗಿನ ಎಳೆಗರಿ ಅಷ್ಟರಲ್ಲಿ ಒಣಗಿ ಗರಗರ ಅನ್ನುತ್ತಿರುತ್ತದೆ. ಅದನ್ನು ಚರ್ಚಿಗೆ ತಂದು ಸುಡುತ್ತೇವೆ. ಆ ಬೂದಿಯಿಂದಲೇ ಹಣೆಗೆ ಶಿಲುಬೆಯ ಗುರುತು. ಇಡುವಾಗ ಗುರುಗಳು ಹೇಳುವ ಹಳೆಯ ಮಾತು ಬೈಬಲಿನ ಆದಿಕಾಂಡದ್ದು: ನೀನು ಮಣ್ಣು, ಮಣ್ಣಿಗೇ ಮರಳುವೆ. ಮೊದಮೊದಲು ಇದು ದೊಡ್ಡ ತಪ್ಪು ಮಾಡಿ ಎಲ್ಲರೆದುರು ಪ್ರಾಯಶ್ಚಿತ್ತಕ್ಕೆ ನಿಂತವರಿಗೆ ಮಾತ್ರ ಇತ್ತು. ಬರಬರುತ್ತಾ ಎಲ್ಲರೂ ತಲೆಯೊಡ್ಡಿದರು. 1091ರಲ್ಲಿ ಇಟಲಿಯ ಬೆನೆವೆಂತೊ ಸಭೆಯಲ್ಲಿ ಎರಡನೆಯ ಅರ್ಬನ್ ಪೋಪರು ಇದು ಸಕಲರಿಗೂ ಸಲ್ಲಬೇಕೆಂದರು. ನಮ್ಮಂಥ ರೋಮನ್ ಪದ್ಧತಿಯ ಕಥೋಲಿಕರಿಗೆ ವರ್ಷದಲ್ಲಿ ಉಪವಾಸ ಕಡ್ಡಾಯವಾಗಿರುವುದು ಎರಡೇ ದಿನ, ಇದೊಂದು, ಶುಭ ಶುಕ್ರವಾರ ಇನ್ನೊಂದು.

ಈಗ ಪದಕ್ಕೆ ಬರುತ್ತೇನೆ. ಹುಡುಗನ ಮಾತಿನ ಅರ್ಧ ನಿಜ. ಬೈಬಲಿನಲ್ಲಿ ಪ್ರವಾದಿ ಯೋನನ ಎಚ್ಚರಿಕೆ ಕೇಳಿದ ನಿನೆವೆಯ ಅರಸ ಗೋಣಿತಟ್ಟು ಸುತ್ತಿಕೊಂಡು ಕೂತದ್ದು ಬೂದಿಯಲ್ಲಿ. ಯೋಬ ಪಶ್ಚಾತ್ತಾಪಪಟ್ಟದ್ದು ಮಣ್ಣಿನಲ್ಲಿ, ಬೂದಿಯಲ್ಲಿ. ಅಲ್ಲೆಲ್ಲ ‘ವಿಭೂತಿ’ ಎಂದು ಓದಿ ನೋಡಿ, ಕಿವಿಗೇ ಒಗ್ಗುವುದಿಲ್ಲ. ಆದರೆ ‘ಬೇರೆಯವರ ಪದ’ ಎಂದನಲ್ಲ, ಅದು ನಿಲ್ಲುವುದಿಲ್ಲ. ಬೂದಿ ಎನ್ನುವುದು ‘ಭೂತಿ’ಯ ತದ್ಭವ ಎಂದೇ ನಾವು ಓದಿದ್ದು. ಅದೇ ಭೂತಿಗೆ ‘ವಿ’ ಸೇರಿ ವಿಭೂತಿ. ಅವನು ಒರೆಸಿದ್ದೂ ಬರೆದದ್ದೂ ಒಂದೇ ಬೇರಿನ ಪದ. ಒಂದು ಸಂಸ್ಕೃತದ ಉಡುಪಿನಲ್ಲೇ ಉಳಿಯಿತು, ಇನ್ನೊಂದು ಕನ್ನಡದ ಅಡುಗೆಮನೆಗೆ ಬಂದು ಸೇರಿತು.

ಬೇರು ಒಂದಾದರೂ ಎರಡೂ ಹೋದ ದಾರಿ ಬೇರೆ. ವಿಭೂತಿ ಎಂದರೆ ಮಹಿಮೆ, ಐಶ್ವರ್ಯ. ಗೀತೆಯ ಹತ್ತನೆಯ ಅಧ್ಯಾಯ ವಿಭೂತಿಯೋಗ; ಅಲ್ಲಿ ಬೂದಿಯ ಸುದ್ದಿಯೇ ಇಲ್ಲ, ಇರುವುದು ಭಗವಂತನ ಮಹಿಮೆ. ಶರಣರಿಗೆ ಅದು ಅಷ್ಟಾವರಣಗಳಲ್ಲಿ ಒಂದು. ಶರಣರ ನೊಸಲಿಗೆ ವಿಭೂತಿಯೇ ಶೃಂಗಾರ ಎಂದರು ಬಸವಣ್ಣ. ಶೃಂಗಾರ! ಅಲ್ಲಮನ ಬಳ್ಳಿಗಾವೆ, ಅಕ್ಕನ ಉಡುತಡಿ ಇರುವ ಜಿಲ್ಲೆ ನಮ್ಮದು. ಇಲ್ಲಿ ‘ವಿಭೂತಿ’ ಎಂದು ಬಾಯಿ ತೆರೆದರೆ ಕೇಳುವವರ ಮನಸ್ಸಿನಲ್ಲಿ ಮೂಡುವುದು ಬೆಳ್ಳಗಿನ ಮೂರು ಗೆರೆ. ನಮ್ಮ ಬುಧವಾರದ ಗುರುತು ಒಡವೆಯಲ್ಲ, ಸಾವಿನ ನೆನಪು. ಬಣ್ಣವೂ ಬೇರೆ: ಸಗಣಿ ಸುಟ್ಟು ಸೋಸಿದ ವಿಭೂತಿ ಬಿಳಿ, ಗರಿ ಸುಟ್ಟದ್ದು ಕಪ್ಪು.

ಆ ಕಪ್ಪಿನಿಂದಲೇ 2023ರಲ್ಲಿ ಒಂದು ಪ್ರಸಂಗ ನಡೆಯಿತು. ಬೆಳಗಿನ ಪೂಜೆ ಮುಗಿಸಿ ಶಿವಮೊಗ್ಗದ ಬಸ್ಸು ಹತ್ತಿದ್ದೆ. ಆನಂದಪುರದಲ್ಲಿ ಹತ್ತಿದ ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತರು. ಶಿವರಾತ್ರಿ ಕಳೆದು ನಾಲ್ಕು ದಿನವಾಗಿತ್ತು, ಅವರ ಹಣೆ ತುಂಬ ವಿಭೂತಿ. ನನ್ನ ಕಡೆ ತಿರುಗಿ ತಮ್ಮ ಸೆರಗನ್ನೇ ಮುಂದೆ ಹಿಡಿದು, “ತಂಗೀ, ಹಣೆಗೆ ಮಸಿ ಹತ್ತೈತೆ, ಒರೆಸ್ಕ” ಎಂದರು. “ಮಸಿಯಲ್ಲ ಅಜ್ಜಿ, ಚರ್ಚಲ್ಲಿ ಇಟ್ಟಿದ್ದು. ಇವತ್ತು ನಮ್ಗೆ ವಿಭೂತಿ ಬುಧವಾರ” ಎಂದೆ. ಅವರ ಕೈ ಅಲ್ಲೇ ನಿಂತಿತು. “ವಿಭೂತಿನಾ? ಹಂಗಾರೆ ಇರ್ಲಿ ಬಿಡವ್ವ, ಒರೆಸ್ಬ್ಯಾಡ” ಎಂದು ಸೆರಗು ಹಿಂದಕ್ಕೆ ತಗೊಂಡರು. ಅವತ್ತು ನಾನು ‘ಬೂದಿ’ ಎಂದಿದ್ದರೆ ಇಷ್ಟು ಬೇಗ ಅರ್ಥವಾಗುತ್ತಿತ್ತೇ? ಈ ಒಂದು ಕಾರಣಕ್ಕೇ ‘ವಿಭೂತಿ’ಯನ್ನು ಬಿಟ್ಟುಕೊಡಲು ನನಗೆ ಮನಸ್ಸು ಬಾರದು.

(ಒರೆಸಬೇಕೋ ಬಾರದೋ ಎಂಬುದು ನಮ್ಮಲ್ಲೇ ತೀರದ ಮಾತು. ಅದೇ ಪೂಜೆಯಲ್ಲಿ ಓದುವ ಮತ್ತಾಯನ ಶುಭಸಂದೇಶ, ಉಪವಾಸವಿದ್ದಾಗ ಜನರಿಗೆ ಕಾಣದಂತೆ ಮುಖ ತೊಳೆದುಕೋ ಎನ್ನುತ್ತದೆ.)

ಆ ಅಜ್ಜಿಯ ‘ಮಸಿ’ಯೂ ಸುಮ್ಮನೆ ಬಂದ ಪದವಲ್ಲ. ಮಣ್ಣು ಎಂದು ಹೇಳಿ ಬೂದಿ ಇಡುವುದೇಕೆ ಎಂದು ನನಗೆ ಬಹಳ ದಿನ ಅನುಮಾನವಿತ್ತು. ಹೀಬ್ರೂವಿನಲ್ಲಿ ಮಣ್ಣಿನ ಧೂಳಿಗೆ ‘ಆಫಾರ್’, ಬೂದಿಗೆ ‘ಏಫೆರ್’. ಒಂದೇ ಉಸಿರಿಗೆ ಬರುವ ಜೋಡಿಪದ. ಅಬ್ರಹಾಮ ದೇವರೆದುರು ತನ್ನನ್ನು ಆ ಜೋಡಿಯಿಂದಲೇ ಕರೆದುಕೊಳ್ಳುತ್ತಾನೆ. ಕನ್ನಡದಲ್ಲಿ ‘ಮಣ್ಣು, ಬೂದಿ’ ಎಂದರೆ ಆ ನಾದವಿಲ್ಲ. ಆದರೆ ನಮ್ಮಲ್ಲಿ ‘ಮಣ್ಣುಮಸಿ’ ಇದೆ! ಕೆಲಸಕ್ಕೆ ಬಾರದ್ದು, ಲೆಕ್ಕಕ್ಕಿಲ್ಲದ್ದು ಎಂಬ ಅರ್ಥದಲ್ಲೇ ಆಡುತ್ತೇವೆ. ಅಬ್ರಹಾಮ ಹೇಳಿಕೊಂಡದ್ದೂ ಹೆಚ್ಚುಕಡಿಮೆ ಅದೇ.

ಅಕ್ಕಪಕ್ಕದ ಭಾಷೆಗಳಲ್ಲೂ ಈ ಎಳೆದಾಟ ಇದೆ. ತಮಿಳಿನಲ್ಲಿ ‘ಸಾಂಬಲ್ ಬುದನ್’ ಎಂದರೂ ನಡೆಯುತ್ತದೆ, ‘ವಿಬೂದಿ ಬುದನ್’ ಎಂದರೂ ನಡೆಯುತ್ತದೆ. ಮಲಯಾಳಂ ಆಡುವ ಸಿರೋ ಮಲಬಾರ್ ಸಭೆಯವರಿಗೆ (ಅವರೂ ಕಥೋಲಿಕರೇ, ಪೂಜಾಪದ್ಧತಿ ಬೇರೆ) ಬುಧವಾರವೇ ಇಲ್ಲ. ಅವರ ತಪಸ್ಸು ಎರಡು ದಿನ ಮೊದಲೇ, ಸೋಮವಾರ ಶುರು. ಹೆಸರು ‘ವಿಭೂತಿ ತಿಂಗಳ್’. (ಆ ತಿಂಗಳು ನಮ್ಮ ಮೂವತ್ತು ದಿನದ್ದಲ್ಲ, ಸೋಮವಾರ.) ನಮ್ಮ ಜಿಲ್ಲೆಯ ಭದ್ರಾವತಿ 2007ರಿಂದ ಅವರ ಒಂದು ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತದ ಪ್ರದೇಶದ) ಕೇಂದ್ರ. ಈ ವರ್ಷ 15ರ ಭಾನುವಾರ ಶಿವರಾತ್ರಿ, 16ಕ್ಕೆ ವಿಭೂತಿ ತಿಂಗಳ್, 18ಕ್ಕೆ ನಮ್ಮದು. ಒಂದೇ ಊರಿನಲ್ಲಿ ನಾಲ್ಕು ದಿನದೊಳಗೆ ಮೂರು ಬಗೆಯ ಹಣೆ!

ನಮ್ಮ ಮನೆಮಾತು ಕೊಂಕಣಿ. ಅಜ್ಜ ಘಟ್ಟ ಹತ್ತಿ ಬಂದವರು. ಮನೆಯಲ್ಲಿ ಇದಕ್ಕೆ ‘ಗೊಬ್ರಾಚೊ ಬುಧ್ವಾರ್’. ಗೊಬೊರ್ ಎಂದರೆ ಬೂದಿ. ಶಾಲೆಯಲ್ಲಿ ಕನ್ನಡ ಕಲಿತ ನಾನು ಅದನ್ನು ಎಷ್ಟೋ ವರ್ಷ ‘ಗೊಬ್ಬರ’ ಎಂದೇ ತಿಳಿದಿದ್ದೆ. ಹಾಗೆ ತಿಳಿಯಲು ಕಾರಣವೂ ಇತ್ತು. ಬಚ್ಚಲೊಲೆಯ ಬೂದಿಯನ್ನು ಅಜ್ಜಿ ತಗಡಿನ ಡಬ್ಬದಲ್ಲಿ ತುಂಬಿ, ಒಂದಿಷ್ಟು ಪಾತ್ರೆ ತಿಕ್ಕಲು ಇಟ್ಟು, ಮಿಕ್ಕಿದ್ದನ್ನು ಬಸಳೆ ಬುಡಕ್ಕೂ ಅಡಿಕೆ ಸಸಿಯ ಬುಡಕ್ಕೂ ಹಾಕುತ್ತಿದ್ದರು. ಹಣೆಗಿಟ್ಟದ್ದೂ ಬುಡಕ್ಕೆ ಹಾಕಿದ್ದೂ ನನಗೆ ಒಂದೇ ಪದವಾಗಿತ್ತು. ಈಗಲೂ ಅದನ್ನು ತಪ್ಪು ಎನ್ನಲು ಆಗುತ್ತಿಲ್ಲ.

ನನಗೆ ಹೆಚ್ಚು ಹೊಳಹು ಕೊಟ್ಟದ್ದು ಕ್ರಿಯಾಪದ. ವಿಭೂತಿಯನ್ನು ‘ಧರಿಸುತ್ತಾರೆ’, ‘ಇಟ್ಟುಕೊಳ್ಳುತ್ತಾರೆ’. ಬೂದಿಯನ್ನು ‘ಬಳಿಯುತ್ತಾರೆ’, ‘ಎರಚುತ್ತಾರೆ’. ಚರ್ಚಿನಿಂದ ಬಂದವರು ಮನೆಯಲ್ಲಿ ಏನೆನ್ನುತ್ತಾರೆ ಎಂದು ಈ ಸಲ ಕಿವಿಗೊಟ್ಟು ಕೇಳಿದೆ: “ವಿಭೂತಿ ಹಾಕಿಸ್ಕೊಂಡ್ ಬಂದೆ.” ನಾಮಪದ ಯಾವುದಾದರೂ ‘-ಇಸಿಕೊ’ ಮಾತ್ರ ತಪ್ಪಲಿಲ್ಲ. ಕನ್ನಡಿ ನೋಡಿಕೊಂಡು ತಾನೇ ಹಚ್ಚಿಕೊಳ್ಳುವುದಲ್ಲ ಇದು. ಸಾಲಿನಲ್ಲಿ ನಿಂತು, ಇನ್ನೊಬ್ಬರ ಬೆರಳಿಗೆ ಹಣೆ ಒಡ್ಡಿ ಪಡೆಯುವುದು. 2021ರಲ್ಲಿ ಕೊರೋನಾದಿಂದಾಗಿ ಮುಟ್ಟದೆ ತಲೆಯ ಮೇಲೆ ಉದುರಿಸಬೇಕೆಂದು ರೋಮಿನಿಂದ ಸೂಚನೆ ಬಂತು. ಆಗಲೂ ಜನ ‘ಉದುರಿಸ್ಕೊಂಡ್ವಿ’ ಎಂದರು. ಶೈವರಲ್ಲೂ ದೀಕ್ಷೆಯ ಹೊತ್ತಿಗೆ ಗುರು ಇಡುತ್ತಾರೆ, ನಿಜ. ದಿನನಿತ್ಯದ್ದು ಮಾತ್ರ ತಾವೇ ಇಟ್ಟುಕೊಳ್ಳುವುದು.

ಬಸ್ಸಿನ ಅಜ್ಜಿಯ ನೆನಪಿದ್ದರೂ ನನ್ನ ಒಲವು ಈಗ ಬೂದಿಯ ಕಡೆ. ಹುಡುಗ ಹೇಳಿದ ಕಾರಣಕ್ಕಲ್ಲ. ವಿಭೂತಿ ಮೇಲಕ್ಕೆ ಏರಿದ ಪದ. ಬೂದಿ ಇಳಿದ ಪದ, ಬಚ್ಚಲೊಲೆವರೆಗೆ ಇಳಿದದ್ದು. ನಾವು ಆ ದಿನ ತಲೆ ತಗ್ಗಿಸುವುದೂ ಇಳಿಯಲಿಕ್ಕೇ. ಹಿರಿಯರಿಗೆ ಹಗುರ ಎನಿಸಿದ ಗುಣವೇ ಆ ದಿನಕ್ಕೆ ಬೇಕಾದ ಗುಣ ಎಂದು ನನಗೆ ಕಾಣುತ್ತಿದೆ.

ಬಳಗದವರಲ್ಲಿ ಕೇಳುವುದು ಇಷ್ಟು. ತೀರ್ಥಹಳ್ಳಿ, ಕೊಪ್ಪ, ಎನ್.ಆರ್. ಪುರದ ಕಡೆ ಹಳಬರ ಬಾಯಲ್ಲಿ ಯಾವ ಹೆಸರಿದೆ? ‘ಭಸ್ಮ ಬುಧವಾರ’ ಎಂದು ಆಡುಮಾತಿನಲ್ಲಿ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಬೂದಿಗೆ ‘ಹಾಕಿಸಿಕೊ’, ‘ಇಡಿಸಿಕೊ’, ‘ಹಚ್ಚಿಸಿಕೊ’ ಮೂರರಲ್ಲಿ ನಿಮ್ಮ ಊರಿನಲ್ಲಿ ಸಲ್ಲುವುದು ಯಾವುದು? ಮುಂದಿನ ವರ್ಷ ಈ ದಿನ ಫೆಬ್ರುವರಿ 10ಕ್ಕೇ ಬರುತ್ತದೆ. ಹಲಗೆ ಬರೆಯುವ ಮೊದಲು ಆ ಹಿರಿಯರನ್ನೂ ಹುಡುಗನನ್ನೂ ಒಟ್ಟಿಗೆ ಕೂರಿಸಿ ನಿಮ್ಮ ಉತ್ತರಗಳನ್ನು ಓದಿ ಹೇಳಬೇಕೆಂದಿದ್ದೇನೆ.