ಅಪ್‌ಡೇಟ್: ಸದ್ದು ಕಡಿಮೆ, ವೇಗ ಜಾಸ್ತಿ ಇರುವ ಹಾರ್ಡ್ ಡಿಸ್ಕ್

ಮನೆ ಕಂಪ್ಯೂಟರ್‌ಗೆ ಸದ್ದು ಮಾಡದ, ಆದರೆ ನಿಧಾನವೂ ಅಲ್ಲದ ಹಾರ್ಡ್ ಡಿಸ್ಕ್ ಬೇಕು, 5400 ಆರ್‌ಪಿಎಂ (ಡಿಸ್ಕ್ ನಿಮಿಷಕ್ಕೆ ತಿರುಗುವ ಸುತ್ತು) ಸಾಕಾ, 7200 ಬೇಕಾ ಅಂತ ಕೇಳಿದ್ದೆ. ಕೊನೆಗೆ ಎರಡು ಡ್ರೈವ್ ಹಾಕಿದೆ. ವಿಂಡೋಸ್‌ಗೆ ಸಾಟಾ ಎಸ್‌ಎಸ್‌ಡಿ (ಡಿಸ್ಕ್ ಬದಲು ಚಿಪ್‌ಗಳಲ್ಲಿ ಫೈಲ್ ಇಡುವ ಡ್ರೈವ್; ಸಾಟಾ ಅಂದರೆ ಅದನ್ನು ಜೋಡಿಸುವ ಬಗೆ), ಫೋಟೊ, ವಿಡಿಯೊಗಳಿಗೆ 5400ರ ಹಾರ್ಡ್ ಡಿಸ್ಕ್.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸದ್ದಿನ ಮಾತೇ ಬರುವುದಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಬೇಕಾದ ಜಾಗ ತಿರುಗಿ ಬರಲು 7200ರಲ್ಲಿ ಸರಾಸರಿ 4.2 ಮಿಲಿಸೆಕೆಂಡ್, 5400ರಲ್ಲಿ 5.6. ಸಿನಿಮಾ ನೋಡೋಕೆ ಇದು ಯಾವ ಲೆಕ್ಕ, ಅಲ್ವಾ?

ಆದರೂ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಡಿಸ್ಕ್‌ಗಿಂತ ಕ್ಯಾಬಿನೆಟ್‌ನ ತಗಡಿನದೇ ಜಾಸ್ತಿ. ಬದಿಗೆ ಕೈ ಒತ್ತಿ ಹಿಡಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು. ಸ್ಕ್ರೂಗಳಿಗೆ ರಬ್ಬರ್ ವಾಷರ್ ಹಾಕಿದ ಮೇಲೆ ಬಹುತೇಕ ಹೋಯಿತು. ನೋಡಿದರೆ ಪುಡಿ ಸಾಮಾನು, ಮಾಡಿದ್ದು ದೊಡ್ಡ ಕೆಲಸ.

20 ನಿಮಿಷ ಸುಮ್ನೆ ಇದ್ದರೆ ಡಿಸ್ಕ್ ನಿಲ್ಲುವಂತೆ ಪವರ್ ಸೆಟ್ಟಿಂಗ್ ಇಟ್ಟಿದ್ದೇನೆ. ಆಮೇಲೆ ಫೈಲ್ ತೆರೆಯುವಾಗ ಕೆಲವು ಸೆಕೆಂಡ್ ಕಾಯಬೇಕು, ಅದೊಂದು ಕಿರಿಕಿರಿ. ಸಮಯ ಇನ್ನೂ ಕಡಿಮೆ ಮಾಡಲಿಲ್ಲ. ಪದೇ ಪದೇ ನಿಂತು ಶುರುವಾದರೆ ಡಿಸ್ಕ್ ಬೇಗ ಸವೆಯುತ್ತದೆ.