ಉಳಿದ ಉಲ್ಲನ್ನಿನ ಹೊದಿಕೆಗೆ ಕೌದಿ ಅನ್ನಬಹುದಾ?

ಮಡಿಕೇರಿಯ ಮಳೆಗೆ ಹೊರಗೆ ಕಾಲಿಡೋ ಹಾಗಿಲ್ಲ. ಮನೆಯಲ್ಲೇ ಕೂತು ಒಂದು ಹೊದಿಕೆ ಹಾಕುತ್ತಿದ್ದೇನೆ. ಸ್ವೆಟರು, ಟೋಪಿ, ಮಕ್ಕಳ ಕಾಲುಚೀಲ ಮುಗಿದ ಮೇಲೆ ಉಳಿದ ಉಲ್ಲನ್ ಉಂಡೆಗಳೇ ಬಂಡವಾಳ. ಅಂಗೈ ಅಗಲದ ಚೌಕಗಳನ್ನು ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯಲ್ಲಿ, ಮಾಡಿ, ಆಮೇಲೆ ಒಂದಕ್ಕೊಂದು ಸೇರಿಸುವುದು. ಮೊನ್ನೆ ಪಕ್ಕದ ಮನೆಯವರು ನೋಡಿದರು. ಧಾರವಾಡದ ಕಡೆಯವರು. "ಛಲೋ ಐತ್ರಿ, ಕೌದಿ ಹೊಲಿಯಾಕತ್ತೀರೇನ್ರಿ?" ಅಂದರು. "ಇದು ಹೊಲಿಯೋದಲ್ಲ, ಕ್ರೋಶಾ" ಅಂದೆ. ಅಂದಿದ್ದೇನೋ ಅಂದೆ, ಆಮೇಲೆ ಅದೇ ಯೋಚನೆ. ಹಾಗಾದರೆ ಇದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಕಂಬಳಿ ಅಂದರೆ ನನ್ನ ಕಣ್ಣಿಗೆ ಬರೋದು ಮಗ್ಗದಲ್ಲಿ ನೇಯ್ದ ಕುರಿ ಉಣ್ಣೆಯ ಒರಟು ಕಂಬಳಿ. ಗದ್ದೆ ಕೆಲಸಕ್ಕೆ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಿದ್ದರಲ್ಲ, ಅದು. ನನ್ನದು ಪೂರ್ತಿ ತೂತು ತೂತು. ಅದನ್ನು ಹೊದ್ದು ಮಳೆಗೆ ಇಳಿದರೆ ಮುಗೀತು ಕಥೆ. ರಗ್ಗು ಅಂದರೆ ಅಂಗಡಿಯಿಂದ ತಂದದ್ದು. ಹೊದಿಕೆ ಅನ್ನಬಹುದು, ಆದರೆ ಅದು ಎಲ್ಲದಕ್ಕೂ ಆಗುವ ಪದ. ಉಳಿದದ್ದರಲ್ಲಿ ಮಾಡಿದ್ದು ಅನ್ನುವ ರುಚಿ ಅದರಲ್ಲಿಲ್ಲ.

ಆ ರುಚಿ ಇರೋದು ಕೌದಿಯಲ್ಲಿ. ಹಳೆ ಸೀರೆ, ಪಂಚೆ, ಅಂಗಿ ಚೂರುಗಳನ್ನು ಪದರ ಪದರವಾಗಿ ಇಟ್ಟು ಉದ್ದಕ್ಕೂ ಕೈಹೊಲಿಗೆ ಹಾಕಿದರೆ ಕೌದಿ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದೇ ಬಳಗದ್ದು. ಈಗ ಹೇಳಿ, ಕೌದಿ ಆಗೋದು ಹೊಲಿಗೆಯಿಂದಲೋ, ಚೂರುಗಳಿಂದಲೋ? ನನ್ನ ಓಟು ಚೂರುಗಳಿಗೆ. ಹೊಸ ಬಟ್ಟೆಯನ್ನೇ ಕತ್ತರಿಸಿ ಚೂರು ಮಾಡಿ ಹೊಲಿದದ್ದನ್ನೂ ಈಗ ಕೌದಿ ಅಂತ ಮಾರುತ್ತಾರೆ. ಅದಕ್ಕಿಂತ ನನ್ನದೇ ವಾಸಿ, ಅಲ್ವಾ?

ಇನ್ನೊಂದು ತೊಡಕು ಕೆಲಸದ ಹೆಸರಿನದು. ಜೋಡಿ ಕಡ್ಡಿಯ ಕೆಲಸಕ್ಕೆ ಹೆಣಿಗೆ ಅನ್ನುತ್ತೇವೆ. ಅಲ್ಲಿ ಕುಣಿಕೆಗಳೆಲ್ಲ ಸಾಲಾಗಿ ಕಡ್ಡಿಯ ಮೇಲೇ ಇರುತ್ತವೆ. ಕ್ರೋಶಾದಲ್ಲಿ ತುದಿಗೆ ಕೊಕ್ಕೆ ಇರುವ ಒಂದೇ ಕಡ್ಡಿ, ಒಂದು ಹೊಲಿಗೆ ಮುಗಿಸಿಯೇ ಮುಂದಿನದಕ್ಕೆ ಹೋಗುವುದು. ಫ್ರೆಂಚಿನಲ್ಲಿ ಕ್ರೋಶೆ ಅಂದರೆ ಪುಟ್ಟ ಕೊಕ್ಕೆ ಅಂತಲೇ ಅರ್ಥ. ಎರಡಕ್ಕೂ ಹೆಣಿಗೆ ಅಂದರೆ ಫಜೀತಿ. ಒಮ್ಮೆ ಅಂಗಡಿಯಲ್ಲಿ "ಹೆಣಿಗೆ ಕಡ್ಡಿ ಕೊಡಿ" ಅಂದು ಜೋಡಿ ಕಡ್ಡಿ ಹಿಡಿದು ಮನೆಗೆ ಬಂದಿದ್ದೇನೆ. 'ಕೊಕ್ಕೆ ಹೆಣಿಗೆ' ಅಂತ ಮಾಡಿಕೊಳ್ಳಬಹುದು, ಆದರೆ ಮಾತಾಡುವಾಗ ಬಾಯಿಗೆ ಬರೋದು 'ಕ್ರೋಶಾ ಹಾಕು' ಅಂತಲೇ. ರಂಗೋಲಿ ಹಾಕು, ಜಡೆ ಹಾಕು ಇದ್ದ ಹಾಗೆ. ನನಗಂತೂ ಈ 'ಹಾಕು' ಸಾಕು.

ಒಳಗಿನ ಹೊಲಿಗೆಗಳ ಹೆಸರಿಗೆ ಇಂಗ್ಲಿಷಿನವರಲ್ಲೇ ಒಮ್ಮತ ಇಲ್ಲ. ಅಮೆರಿಕದವರ ಡಬಲ್ ಇಂಗ್ಲೆಂಡಿನವರಿಗೆ ಟ್ರೆಬಲ್! ನಮ್ಮಮ್ಮ ಸುಮ್ನೆ 'ಸರಪಳಿ', 'ಕಂಬ' ಅನ್ನುತ್ತಿದ್ದರು. ನೋಡೋಕೂ ಹಾಗೇ ಇರುತ್ತವೆ.

ಕೊಡವ ತಕ್ಕ್, ಅರೆಭಾಷೆ ಮನೆಮಾತಿನವರು ಇದ್ದರೆ, ಚೂರುಪಾರು ಸೇರಿಸಿ ಮಾಡಿದ ಹೊದಿಕೆಗೆ ನಿಮ್ಮ ಅಜ್ಜಿಯರು ಏನನ್ನುತ್ತಿದ್ದರು ಹೇಳಿ. ನನಗಿನ್ನೂ 20 ಚೌಕ ಬಾಕಿ ಇದೆ.