ಮಂಟಪದ ಮೇಲೆ ನಿಂತು ತೆಗೆಯೋಕೆ 20 ಎಂಎಂ ಲೆನ್ಸ್ ಸರಿನಾ, 24 ಸರಿನಾ?

ಪ್ರಶ್ನೆ (ದಾವಣಗೆರೆ):
ಸರ್, ಮೂರು ವರ್ಷದಿಂದ ಮದುವೆ ಫೋಟೋ, ವಿಡಿಯೋ ಎರಡೂ ಮಾಡುತ್ತಿದ್ದೇನೆ. ಸೋನಿ ಎ7 ಮಾರ್ಕ್ 4 ಕ್ಯಾಮೆರಾ ಇದೆ, ಟ್ಯಾಮ್ರಾನ್ 28-75 ಎಂಎಂ 2.8 ಝೂಮ್ ಲೆನ್ಸ್ ಇದೆ, ಒಂದು 85 ಎಂಎಂ ಇದೆ. ಧಾರೆ ಹೊತ್ತಿಗೆ ಮಂಟಪದ ಮೇಲೆ ಹಿಂದೆ ಸರಿಯೋಕೆ ಜಾಗವೇ ಇರಲ್ಲ. ನಾಲ್ಕಡಿ ದೂರದಲ್ಲಿ ನಿಂತು 28ರಲ್ಲಿ ತೆಗೆದರೆ ಹುಡುಗ ಹುಡುಗಿ ಬರುತ್ತಾರೆ, ಅಪ್ಪ ಅಮ್ಮ ಅರ್ಧ ಕಟ್ ಆಗುತ್ತಾರೆ. ಸೋನಿ 20 ಎಂಎಂ 1.8 ಜಿ ತಗೊಳ್ಳಲಾ, 24 ಎಂಎಂ 1.4 ಜಿಎಂ ತಗೊಳ್ಳಲಾ? ಸದ್ಯಕ್ಕೆ ಒಂದೇ ಆಗೋದು. ಪ್ರೀ ವೆಡ್ಡಿಂಗ್‌ಗೆ ದುರ್ಗದ ಕೋಟೆಗೂ ಬರುತ್ತಿರುತ್ತೇವೆ.

ಉತ್ತರ (ಚಿತ್ರದುರ್ಗ):
ಮೊದಲು ಇದು ಹೇಳಿ, ಸ್ಲೋ ಮೋಷನ್ ತೆಗೆಯುತ್ತೀರಾ? ಯಾಕೆ ಅಂದರೆ ಅದಕ್ಕಾಗಿ ನಿಮ್ಮ ಕ್ಯಾಮೆರಾ ಬಾಡಿಯಲ್ಲಿ 4ಕೆ ವಿಡಿಯೋಗೆ ಸೆಕೆಂಡಿಗೆ 50 ಅಥವಾ 60 ಫ್ರೇಮ್ ಹಾಕಿದ ಕೂಡಲೇ ಒಂದೂವರೆ ಪಟ್ಟು ಕ್ರಾಪ್ ಆಗುತ್ತದೆ, ಅಂದರೆ ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗಿ ಅಂಚು ಕಟ್ ಆಗುತ್ತದೆ. 24 ಇದ್ದದ್ದು 36ರ ಹಾಗೆ ಕಾಣುತ್ತದೆ. 20 ಆದರೆ 30ರ ಹಾಗೆ. ಇದನ್ನು ನೋಡದೆ ಲೆನ್ಸ್ ತಗೊಂಡು ಆಮೇಲೆ ಬೇಜಾರು ಮಾಡಿಕೊಂಡವರನ್ನು ತುಂಬಾ ಜನ ನೋಡಿದ್ದೇನೆ.

ಒಂದು ಸುಲಭದ ಲೆಕ್ಕ ಇದೆ. ಫುಲ್ ಫ್ರೇಮ್ ಸೆನ್ಸರ್ ಅಗಲ 36 ಎಂಎಂ. ಅದನ್ನು ಲೆನ್ಸ್ ನಂಬರಿನಿಂದ ಭಾಗಿಸಿ, ನೀವು ನಿಂತ ದೂರಕ್ಕೆ ಗುಣಿಸಿ. ಬರುವ ಉತ್ತರವೇ ಫ್ರೇಮಿನ ಅಗಲ. ನಾಲ್ಕಡಿಯಿಂದ 28ರಲ್ಲಿ ಐದಡಿ ಚಿಲ್ಲರೆ, 24ರಲ್ಲಿ ಆರಡಿ, 20ರಲ್ಲಿ ಏಳಡಿಗಿಂತ ಸ್ವಲ್ಪ ಜಾಸ್ತಿ. ಕ್ರಾಪ್ ಆದಾಗ 24ರಲ್ಲಿ ಬರೀ ನಾಲ್ಕಡಿ, ಅಂದರೆ ಈಗಿರುವ 28ಕ್ಕಿಂತಲೂ ಕಡಿಮೆ. ಮುಂದಿನ ಮದುವೆಗೆ ಜೇಬಲ್ಲಿ ಒಂದು ಟೇಪ್ ಇಟ್ಟುಕೊಂಡು ಹೋಗಿ. ಮಂಟಪದ ಮೇಲೆ ನಿಮಗೆ ನಿಜವಾಗಿ ಎಷ್ಟು ಜಾಗ ಸಿಗುತ್ತದೆ ಅಂತ ಅಳೆಯಿರಿ.

ಮತ್ತೊಬ್ಬರು (ಹೊಳಲ್ಕೆರೆ):
1.4 ಅಂದರೆ ಲೈಟ್ ಜಾಸ್ತಿ ಅಲ್ವಾ? ನಮ್ಮ ಕಡೆ ಛತ್ರಗಳಲ್ಲಿ ಬೆಳಕು ಗೊತ್ತಲ್ಲ. ಕಣ್ಣು ಮುಚ್ಚಿಕೊಂಡು 24 ತಗೊಳ್ಳಿ ಅಂತೀನಿ.

ಉತ್ತರ:
ಜಾಸ್ತಿ ಹೌದು, ಈ ಅಪರ್ಚರ್ ನಂಬರ್ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಆದರೆ 1.8ಕ್ಕೂ 1.4ಕ್ಕೂ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು) ಕೂಡ ಪೂರ್ತಿ ವ್ಯತ್ಯಾಸ ಇಲ್ಲ. ಅವರ 2.8 ಝೂಮ್‌ಗೆ ಹೋಲಿಸಿದರೆ ಎರಡೂ ದೊಡ್ಡ ಲಾಭವೇ. ಇನ್ನೊಂದು, 24ನ್ನು 1.4ರಲ್ಲಿ ಇಟ್ಟು ನಾಲ್ಕಡಿಯಿಂದ ತೆಗೆದರೆ ಫೋಕಸ್‌ನಲ್ಲಿ ಇರೋದು ಹಿಂದೆ ಮುಂದೆ ಸೇರಿ ಹತ್ತಿರ ಹತ್ತಿರ ಒಂದು ಗೇಣು. ತಾಳಿ ಕಟ್ಟುವಾಗ ಹುಡುಗಿಯ ಕಣ್ಣು ಶಾರ್ಪ್ ಇರುತ್ತದೆ, ಹಿಂದೆ ನಿಂತ ತಾಯಿ ಕಣ್ಣೀರು ಒರೆಸಿಕೊಳ್ಳೋದು ಮಸುಕಾಗುತ್ತದೆ. ನನಗೆ ಆ ತಾಯಿ ಮುಖವೂ ಬೇಕು. ಹಾಗಾಗಿ ಆ ಹೊತ್ತಿಗೆ ನಾನು 2.8ಕ್ಕೇ ಬಂದು ನಿಲ್ಲುತ್ತೇನೆ. ವಿಡಿಯೋಗೆ ಎಲ್‌ಇಡಿ ಲೈಟ್ ಇದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್, ಅದಕ್ಕೆ ಹೊಂದದ ಶಟರ್ ಇಟ್ಟರೆ ವಿಡಿಯೋದಲ್ಲಿ ಪಟ್ಟೆ ಓಡುವ ಸಾಧ್ಯತೆ ಜಾಸ್ತಿ.

ಪ್ರಶ್ನೆ ಕೇಳಿದವರು:
ಸರ್, ಅಕ್ಷತೆ ಬೀಳೋದು ಸ್ಲೋ ಮೋಷನ್‌ನಲ್ಲಿ ಬೇಕೇ ಬೇಕು ಅಂತಾರೆ. ವಿಡಿಯೋ ಅರ್ಧಕ್ಕರ್ಧ ಗಿಂಬಲ್ (ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯುವ ಸ್ಟ್ಯಾಂಡ್) ಮೇಲೇ ತೆಗೆಯುತ್ತೇನೆ.

ಉತ್ತರ:
ಹಾಗಾದರೆ 20 ತಗೊಳ್ಳಿ. ತೂಕ 373 ಗ್ರಾಂ, 24 ಜಿಎಂ 445 ಗ್ರಾಂ. ಮುಹೂರ್ತದಿಂದ ಊಟದ ಪಂಕ್ತಿವರೆಗೆ ಗಿಂಬಲ್ ಹಿಡಿದ ಕೈಗೆ ಆ ವ್ಯತ್ಯಾಸ ತಿಳಿಯುತ್ತದೆ.

ಆದರೆ ಒಂದು ಎಚ್ಚರಿಕೆ. 20ರಲ್ಲಿ ಅಂಚಿನಲ್ಲಿ ನಿಂತವರ ಮುಖ, ತೋಳು ಅಗಲಕ್ಕೆ ಎಳೆದ ಹಾಗೆ ಆಗುತ್ತದೆ. ಲೆನ್ಸ್ ಕೆಟ್ಟದ್ದು ಅಂತಲ್ಲ, ಅಷ್ಟು ವೈಡ್‌ನಲ್ಲಿ ಎಲ್ಲ ಲೆನ್ಸೂ ಹೀಗೇ. ನಾನು ಶುರುವಿನಲ್ಲಿ ಒಂದು ಮದುವೆಯಲ್ಲಿ ಇಡೀ ಕುಟುಂಬವನ್ನು 20ರಲ್ಲಿ ತೆಗೆದೆ. ಎಡ ತುದಿಯಲ್ಲಿ ಹುಡುಗನ ಅಜ್ಜಿ ಇದ್ದರು. ಆಲ್ಬಮ್ ನೋಡಿ ಆ ಅಜ್ಜಿ ಏನೂ ಹೇಳಲಿಲ್ಲ, ಸುಮ್ನೆ ಪುಟ ತಿರುಗಿಸಿದರು. ಅದು ಇವತ್ತಿಗೂ ನನಗೆ ನೋವು. ಈಗ ಗ್ರೂಪ್ ಫೋಟೋಗೆ 20 ಮುಟ್ಟಲ್ಲ, ನಿಮ್ಮ 28-75 ಥರದ್ದೇ ಹಾಕಿ ಮಂಟಪದಿಂದ ಕೆಳಗಿಳಿದು ತೆಗೆಯುತ್ತೇನೆ. ವಯಸ್ಸಾದವರು ಯಾವಾಗಲೂ ನಡುವೆ.

ಕೋಟೆಗೆ ಬಂದಾಗ ಒನಕೆ ಓಬವ್ವನ ಕಿಂಡಿ ಹತ್ತಿರ, ಬಂಡೆಗಳ ಸಂದಿಯಲ್ಲಿ 20 ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಜೋಡಿ ಹಿಂದೆ ಬತೇರಿ (ಕೋಟೆಯ ಬುರುಜು) ದೊಡ್ಡದಾಗಿ ಕಾಣಬೇಕು ಅಂದರೆ ವೈಡ್ ಹಾಕಬೇಡಿ, ಬತೇರಿ ಗುಬ್ಬಚ್ಚಿಯಷ್ಟು ಆಗಿಬಿಡುತ್ತದೆ. ಅದಕ್ಕೆ ನಿಮ್ಮ 85 ಹಾಕಿ, ದೂರ ಹೋಗಿ ನಿಂತುಕೊಳ್ಳಿ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಕಮರ್ಷಿಯಲ್ ಶೂಟ್‌ಗೆ ಅನುಮತಿ ಮೊದಲೇ ತಗೊಂಡು ಬನ್ನಿ.

ಪ್ರಶ್ನೆ ಕೇಳಿದವರು:
ಮುಂದೆ ದುಡ್ಡಾದರೆ 24 ಕೂಡ ತಗೊಳ್ಳಬಹುದಾ, ಇಲ್ಲ ನೇರ 35ಕ್ಕೆ ಹೋಗಲಾ?

ಉತ್ತರ:
20 ಇದ್ದ ಮೇಲೆ 24 ಬೇಡ, ತೀರಾ ಹತ್ತಿರ ಆಯ್ತು. 35 1.4 ಜಿಎಂಗೆ ಹೋಗಿ. ಅದಕ್ಕೂ 20ಕ್ಕೂ ಒಂದೇ 67 ಎಂಎಂ ಫಿಲ್ಟರ್, ಈಗಲೇ ಒಂದು ಒಳ್ಳೆಯ ಎನ್‌ಡಿ (ಬೆಳಕು ಕಡಿಮೆ ಮಾಡುವ ಫಿಲ್ಟರ್) ತಗೊಂಡರೆ ಎರಡಕ್ಕೂ ಆಗುತ್ತದೆ. 20 ಕೊಳ್ಳುವ ಮುಂಚೆ ಒಂದು ದಿನದ ಬಾಡಿಗೆಗೆ ತಂದು ಒಂದು ಮದುವೆ ಮುಗಿಸಿ ನೋಡಿ.